ಎರಿಕ್ ಲಿಡೆಲ್ ಅಯ್ಯನವರೂ ಸೆರೆ ಪಾಳೆಯದ ಹಾಕಿ ಆಟವೂ

ಆದಿತ್ಯವಾರದಲ್ಲಿ ಓಡಲೊಲ್ಲದೆ ಲೋಕದ ದೊಡ್ಡ ಬಹುಮಾನವೊಂದನ್ನು ಕೈಬಿಟ್ಟ ಎರಿಕ್ ಹೆನ್ರಿ ಲಿಡೆಲ್ ಅಯ್ಯನವರ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಪ್ರಸಂಗಗಳಲ್ಲಿ ಕೇಳಿರುವರು. ಅದೇ ಅಯ್ಯನವರು ಸುಮಾರು ಇಪ್ಪತ್ತು ವರ್ಷಗಳ ಮೇಲೆ ಚೀನಾ ದೇಶದ ಒಂದು ಸೆರೆ ಪಾಳೆಯದಲ್ಲಿ, ಆದಿತ್ಯವಾರದಲ್ಲಿಯೇ, ಹಾಕಿ ಆಟದ ಬೈಲಿಗೆ ಇಳಿದು ತೀರ್ಪುಗಾರರಾಗಿ ನಿಂತರೆಂಬದನ್ನು ಹೇಳುವವರು ಕಡಿಮೆ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಟ್ಟರೆ ಆ ಮನುಷ್ಯನ ಅರ್ಧ ಚರಿತ್ರೆಯನ್ನು ಮಾತ್ರ ಹೇಳಿದಂತಾಗುವದು. ಆದದರಿಂದ ಎರಡನ್ನೂ ಒಟ್ಟಿಗೆ ಬರೆಯುತ್ತೇವೆ.

ಎರಿಕನು ೧೯೦೨ನೇ ಜನವರಿ ೧೬ನೇ ತಾರೀಖಿನಲ್ಲಿ ಚೀನಾ ದೇಶದ ಉತ್ತರ ಭಾಗದ ಟಿಯೆಂಟ್ಸಿನ್ ಪಟ್ಟಣದಲ್ಲಿ ಹುಟ್ಟಿದನು. ಆ ಪಟ್ಟಣದ ಹೆಸರನ್ನು ಈಗ ಟಿಯಾಂಜಿನ್ ಎಂದು ಬರೆಯುತ್ತಾರೆ. ತಂದೆ ಜೇಮ್ಸ್ ಲಿಡೆಲ್, ತಾಯಿ ಮೇರಿ. ಇಬ್ಬರೂ ಸ್ಕಾಟ್ಲೆಂಡಿನಿಂದ ಬಂದು ಲಂಡನ್ ಮಿಶನ್ನಿನಲ್ಲಿ ಕೆಲಸಮಾಡುತ್ತಿದ್ದವರು. ೧೮೧೦ರಲ್ಲಿ ಜಾನ್ ಹ್ಯಾಂಡ್ಸ್ ಅಯ್ಯನವರನ್ನು ಬಳ್ಳಾರಿಗೆ ಕಳುಹಿಸಿ ಕನ್ನಡ ನಾಡಿನಲ್ಲಿ ಕೆಲಸ ಹೂಡಿದ ಮಿಶನ್ನೇ ಅದು. ಮಗುವು ಹುಟ್ಟುವದಕ್ಕೆ ಎರಡು ವರ್ಷ ಮುಂಚೆ, ೧೯೦೦ರಲ್ಲಿ, ಆ ಸೀಮೆಯಲ್ಲೆಲ್ಲಾ ಬಾಕ್ಸರ್ ದಂಗೆ ಎದ್ದು, ಪರದೇಶದವರಲ್ಲಿ ನೂರಾರು ಮಂದಿಯೂ ಚೀನೀ ಕ್ರೈಸ್ತರಲ್ಲಿ ಸಾವಿರಾರು ಮಂದಿಯೂ ಕೊಲ್ಲಲ್ಪಟ್ಟಿದ್ದರು. ಅಂಥಾ ನೆಲದಲ್ಲಿ ಈ ಮಗುವು ನಡೆಯಲು ಕಲಿತನು.

ಆರು ವರ್ಷ ತುಂಬಿದ ಮೇಲೆ ತಂದೆತಾಯಿಗಳು ಎರಿಕನನ್ನೂ ಆತನ ಅಣ್ಣನಾದ ರಾಬರ್ಟನನ್ನೂ ಲಂಡನ್ ಪಟ್ಟಣದ ಬಳಿ ಮಿಶನೆರಿಗಳ ಮಕ್ಕಳಿಗಾಗಿ ಇದ್ದ ಶಾಲೆಗೆ ಸೇರಿಸಿ ತಾವು ಚೀನಾ ದೇಶಕ್ಕೆ ತಿರುಗಿ ಹೋದರು. ಈ ಶಾಲೆಗೆ ತರುವಾಯ ಎಲ್ತಮ್ ಕಾಲೇಜೆಂದು ಹೆಸರಾಯಿತು. ಅಲ್ಲಿ ಹುಡುಗರು ಹೆತ್ತವರ ಮುಖವನ್ನು ವರ್ಷಗಟ್ಟಲೆ ಕಾಣದೆ ಬೆಳೆಯುತ್ತಿದ್ದರು. ತಾಯಿಯಿಂದ ದೂರವಾದ ಮಗುವಿನ ಮನಸ್ಸು ಎಂಥಾದ್ದೆಂಬದನ್ನು ಎರಿಕನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಮುಂದೆ ಪಾಳೆಯದ ಸಂಗತಿಯನ್ನು ಓದುವಾಗ ವಾಚಕರು ಇದನ್ನು ನೆನಪಿಗೆ ತಂದುಕೊಳ್ಳಲಿ.

೧೯೨೦ರಲ್ಲಿ ಆತನು ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿ ವಿಜ್ಞಾನವನ್ನು ಓದತೊಡಗಿದನು. ಓಟದಲ್ಲಿ ಆತನಿಗಿದ್ದ ವೇಗವು ಅಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ೧೯೨೨ರಲ್ಲಿಯೂ ೧೯೨೩ರಲ್ಲಿಯೂ ಸ್ಕಾಟ್ಲೆಂಡಿನ ರಗ್ಬಿ ತಂಡದಲ್ಲಿ ಏಳು ಸಾರಿ ಆಡಿದನು. ಆತನು ಓಡುವ ರೀತಿಯು ಮಾತ್ರ ನೋಡುವವರಿಗೆ ನಗು ಬರಿಸುವಂಥಾದ್ದು: ತಲೆ ಹಿಂದಕ್ಕೆ ವಾಲಿ, ಬಾಯಿ ತೆರೆದು, ಕೈಗಳು ಗಾಳಿಯನ್ನು ಬಡಿಯುವವು. ೧೯೨೩ನೇ ಜುಲೈ ತಿಂಗಳಲ್ಲಿ ಸ್ಟೋಕ್ ಎಂಬ ಊರಿನಲ್ಲಿ ೪೪೦ ಗಜದ ಓಟ ಪ್ರಾರಂಭವಾಗುತ್ತಲೇ ಮತ್ತೊಬ್ಬನ ಕಾಲು ತಗಲಿ ಆತನು ನೆಲಕ್ಕೆ ಬಿದ್ದನು. ಎದ್ದು ನಿಲ್ಲುವಷ್ಟರಲ್ಲಿ ಉಳಿದವರು ಸುಮಾರು ೨೦ ಗಜ ಮುಂದೆ ಹೋಗಿದ್ದರು. ಆತನು ಅವರ ಬೆನ್ನು ಹತ್ತಿ, ಎಲ್ಲರನ್ನೂ ದಾಟಿ, ಗುರಿಯನ್ನು ಮುಟ್ಟಿ ಕುಸಿದುಬಿದ್ದನು. ಅದೇ ವರ್ಷದಲ್ಲಿ ಆತನು ಊರೂರಿಗೆ ಹೋಗಿ ಸುವಾರ್ತೆಯ ಕೂಟಗಳಲ್ಲಿ ಮಾತಾಡುವದಕ್ಕೂ ಪ್ರಾರಂಭಿಸಿದನು. ಆತನು ವಾಗ್ಮಿಯಲ್ಲ. ಓಟಗಾರನನ್ನು ನೋಡಲು ಬಂದವರು ಆತನ ಸರಳವಾದ ಮಾತನ್ನು ಕೇಳಿಕೊಂಡು ಹೋಗುತ್ತಿದ್ದರು.

೧೯೨೪ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದವು. ೧೦೦ ಮೀಟರ್ ಓಟದಲ್ಲಿ ಆತನೇ ಗೆಲ್ಲುವನೆಂದು ಬ್ರಿಟನ್ ದೇಶದವರ ನಿರೀಕ್ಷೆ ಇತ್ತು. ಆದರೆ ಆ ಓಟದ ಮೊದಲನೆಯ ಸುತ್ತು ಜುಲೈ ೬ನೇ ತಾರೀಖು ಆದಿತ್ಯವಾರಕ್ಕೆ ಗೊತ್ತಾಗಿತ್ತು. ೧೯೮೧ರಲ್ಲಿ ತೆರೆಗೆ ಬಂದ ‘ಚಾರಿಯಟ್ಸ್ ಆಫ್ ಫೈರ್’ ಎಂಬ ಚಲನಚಿತ್ರದಲ್ಲಿ ಆತನು ಹಡಗನ್ನು ಹತ್ತುವ ಹೊತ್ತಿನಲ್ಲಿ ಇದನ್ನು ಕೇಳಿ ಬೆಚ್ಚಿಬಿದ್ದಂತೆ ತೋರಿಸಿದ್ದಾರೆ. ಅದು ಕಥೆಯ ಅಲಂಕಾರ. ನಿಜವಾಗಿ ಆತನಿಗೆ ಇದು ತಿಂಗಳುಗಳ ಮುಂಚೆಯೇ ತಿಳಿದಿತ್ತು, ಆಗಲೇ ಆತನು ಒಲ್ಲೆನೆಂದು ತಿಳಿಸಿಬಿಟ್ಟಿದ್ದನು. ಆದಿತ್ಯವಾರಕ್ಕೆ ಬಿದ್ದ ತಂಡದ ಓಟಗಳೆರಡನ್ನೂ ಬಿಟ್ಟನು. ಒಬ್ಬನು ತನಗೆ ತಾನೇ ನಷ್ಟಮಾಡಿಕೊಂಡರೆ ಜನರು ಕ್ಷಮಿಸುವರು, ತಂಡಕ್ಕೆ ನಷ್ಟವಾದರೆ ಅಷ್ಟು ಬೇಗ ಕ್ಷಮಿಸಲಾರರು. ದೇಶಾಭಿಮಾನವಿಲ್ಲದವನೆಂದು ಆತನನ್ನು ಬೈದವರೂ ಉಂಟು. ಆತನು ಯಾರೊಂದಿಗೂ ವಾದಕ್ಕೆ ನಿಲ್ಲಲಿಲ್ಲ, ತನ್ನಂತೆ ಮಾಡಿರೆಂದು ಜೊತೆಯ ಓಟಗಾರರಿಗೆ ಬೋಧಿಸಲೂ ಇಲ್ಲ. ಆ ಆದಿತ್ಯವಾರ ಪ್ಯಾರಿಸಿನಲ್ಲಿದ್ದ ಸ್ಕಾಟ್ಲೆಂಡಿನವರ ದೇವಾಲಯದಲ್ಲಿ ಪ್ರಸಂಗ ಮಾಡಿದನು. ೧೦೦ ಮೀಟರ್ ಓಟವನ್ನು ಹೆರಾಲ್ಡ್ ಏಬ್ರಹಾಮ್ಸ್ ಎಂಬವನು ಬ್ರಿಟನ್ನಿಗೇ ಗೆದ್ದುಕೊಟ್ಟನು. ಎರಿಕನು ೨೦೦ ಮೀಟರ್ ಓಟದಲ್ಲಿ ಮೂರನೆಯವನಾಗಿ, ೧೧ನೇ ತಾರೀಖು ೪೦೦ ಮೀಟರ್ ಓಟವನ್ನು ೪೭.೬ ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕವನ್ನು ಹೊಂದಿದನು. ಅಷ್ಟು ವೇಗವಾಗಿ ಆ ದೂರವನ್ನು ಅದುವರೆಗೆ ಒಲಿಂಪಿಕ್ ಪಂದ್ಯಗಳಲ್ಲಿ ಯಾರೂ ಓಡಿರಲಿಲ್ಲ. ಅದೇ ತಿಂಗಳಲ್ಲಿ ಪದವಿಯನ್ನು ಪಡೆದಾಗ ವಿದ್ಯಾರ್ಥಿಗಳು ಆತನನ್ನು ಹೆಗಲ ಮೇಲೆ ಹೊತ್ತು ಎಡಿನ್‌ಬರೋ ಬೀದಿಗಳಲ್ಲಿ ಮೆರೆಸಿದರು.

ಇಂಥಾ ಕೀರ್ತಿಯ ನಡುವೆ ಲಿಡೆಲರು ೧೯೨೫ರಲ್ಲಿ ಎಲ್ಲವನ್ನೂ ಬಿಟ್ಟು ತಾವು ಹುಟ್ಟಿದ ಟಿಯೆಂಟ್ಸಿನ್ ಪಟ್ಟಣಕ್ಕೆ ಹೊರಟರು. ಅಲ್ಲಿಯ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ವಿಜ್ಞಾನವನ್ನು ಕಲಿಸುವದೂ ಹುಡುಗರಿಗೆ ಆಟಗಳನ್ನು ಆಡಿಸುವದೂ ಅವರ ಕೆಲಸವಾಯಿತು. ಆದಿತ್ಯವಾರದ ಶಾಲೆಯನ್ನೂ ನೋಡಿಕೊಂಡರು. ಊರಿನಲ್ಲಿ ಮಿನ್‌ಯುವಾನ್ ಎಂಬ ಆಟದ ಬೈಲು ಕಟ್ಟಲ್ಪಡುವಾಗ ಅದರ ಅಳತೆ ಆಕಾರಗಳ ವಿಷಯದಲ್ಲಿ ಅವರ ಆಲೋಚನೆಯನ್ನು ಕೇಳಿಕೊಂಡರು.

ಚೀನಾ ದೇಶದಲ್ಲಿದ್ದುಕೊಂಡು ಅವರು ಮಾಡಿದ ಆಟದ ಪ್ರಯಾಣಗಳಲ್ಲಿ ೧೯೨೮ರದು ಸ್ವಾರಸ್ಯವುಳ್ಳದ್ದು. ಮಂಚೂರಿಯಾದ ಡೈರನ್ ಬಂದರದಲ್ಲಿ ಪಂದ್ಯಗಳು ನಡೆದವು. ಅವರ ಓಟ ಮುಗಿದು ಅರ್ಧ ಗಂಟೆಯೊಳಗೆ ಟಿಯೆಂಟ್ಸಿನ್ನಿಗೆ ಹೋಗುವ ಹಡಗು ಬಿಡುವದಾಗಿತ್ತು. ಓಡಿ ಗೆದ್ದು, ಹಾಗೆಯೇ ಬಾಡಿಗೆಯ ಮೋಟಾರಿನ ಕಡೆಗೆ ಧಾವಿಸುವಾಗ, ಗೆದ್ದವರ ಗೌರವಾರ್ಥವಾಗಿ ಇಂಗ್ಲೆಂಡಿನ ರಾಷ್ಟ್ರಗೀತೆಯನ್ನು ಬಾರಿಸತೊಡಗಿದರು. ಮರ್ಯಾದೆಗಾಗಿ ನೆಟ್ಟಗೆ ನಿಲ್ಲಬೇಕಾಯಿತು. ಅದು ಮುಗಿಯಿತೆಂದು ಹೊರಡುವಷ್ಟರಲ್ಲಿ ಎರಡನೆಯವನು ಫ್ರಾನ್ಸಿನವನಾದದರಿಂದ ಆ ದೇಶದ ಗೀತೆಯೂ ಪ್ರಾರಂಭವಾಯಿತು, ತಿರಿಗಿ ನಿಂತರು. ಬಂದರಕ್ಕೆ ಬಂದಾಗ ಹಡಗು ದಡವನ್ನು ಬಿಟ್ಟಿತ್ತು. ಅಲೆಯೊಂದು ಅದನ್ನು ಸ್ವಲ್ಪ ಹತ್ತಿರಕ್ಕೆ ತಂದಾಗ ಗಂಟನ್ನು ಮೊದಲು ಎಸೆದು ತಾವೂ ಹಾರಿಕೊಂಡರಂತೆ. ಈ ಕಥೆಯನ್ನು ಅವರೇ ನಗುತ್ತಾ ಹೇಳುತ್ತಿದ್ದರು.

೧೯೩೨ರಲ್ಲಿ ಅವರು ಬೋಧಕರಾಗಿ ಪ್ರತಿಷ್ಠಿಸಲ್ಪಟ್ಟರು. ೧೯೩೪ರಲ್ಲಿ ಕೆನಡಾ ದೇಶದ ಮಿಶನೆರಿಗಳ ಮಗಳಾದ ಫ್ಲಾರೆನ್ಸ್ ಮೆಕೆಂಜಿ ಎಂಬವರನ್ನು ಮದುವೆಯಾದರು. ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಕಡೆಯವಳನ್ನು ತಂದೆಯು ಕಣ್ಣಿನಿಂದ ಕಾಣಲೇ ಇಲ್ಲ.

೧೯೩೭ರಲ್ಲಿ ಜಪಾನಿನವರಿಗೂ ಚೀನಾದವರಿಗೂ ಯುದ್ಧ ಹತ್ತಿತು. ಆ ವರ್ಷದ ಕೊನೆಯಲ್ಲಿ ಅಯ್ಯನವರು ಪಟ್ಟಣದ ಕಾಲೇಜನ್ನು ಬಿಟ್ಟು ಶಿಯಾವ್‌ಚಾಂಗ್ ಎಂಬ ಹಳ್ಳಿಯ ಸೀಮೆಗೆ ಹೋದರು. ಅಣ್ಣ ರಾಬರ್ಟರು ಅಲ್ಲಿಯ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ಮಧುಗಿರಿ, ಪಾವಗಡ ಸೀಮೆಗಳಲ್ಲಿ, ಕ್ಯಾತಗಾನಚೆರ್ಲಿನಂಥಾ ಊರುಗಳಲ್ಲಿ, ಇದನ್ನು ಓದುವವರಿಗೆ ಆ ನೆಲವನ್ನು ವರ್ಣಿಸುವದು ಕಷ್ಟವಲ್ಲ. ನವಣೆ, ಜೋಳ, ಕಡಲೇಕಾಯಿ ಅಲ್ಲಿಯ ಬೆಳೆಗಳು. ಮಳೆ ತಪ್ಪಿದರೆ ಊರು ಬರಿದಾಗುವದು. ಅಂಥಾ ಊರುಗಳಿಗೆ ಅಯ್ಯನವರು ಸೈಕಲ್ಲಿನ ಮೇಲೆ ತಿರುಗಿದರು. ದಾರಿಯಲ್ಲಿ ಒಂದು ಕಡೆ ಜಪಾನಿನ ದಂಡು, ಮತ್ತೊಂದು ಕಡೆ ಚೀನೀ ದಂಡುಗಳು, ನಡುವೆ ಕಳ್ಳರು. ಒಮ್ಮೆ ಪಾಳುಬಿದ್ದ ಗುಡಿಯಲ್ಲಿ ಗಾಯಪಟ್ಟು ಬಿದ್ದಿದ್ದ ಒಬ್ಬನನ್ನು ಗಾಡಿಯಲ್ಲಿ ಹಾಕಿಕೊಂಡು ಬರುವಾಗ, ದಂಡಿನವರು ಕುತ್ತಿಗೆಗೆ ಕತ್ತಿಯಿಂದ ಹೊಡೆದು ಸತ್ತನೆಂದು ಬಿಟ್ಟುಹೋಗಿದ್ದ ಇನ್ನೊಬ್ಬನು ಸಿಕ್ಕಿದನು. ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದರು. ಎರಡನೆಯವನು ಬದುಕಿದನು. ಅವನು ಚಿತ್ರಗಾರನು, ಪಿಯೊನಿ ಎಂಬ ಹೂವಿನ ಚಿತ್ರವನ್ನು ಬರೆದು ಅಯ್ಯನವರಿಗೆ ಕೊಟ್ಟನು.

೧೯೪೧ರಲ್ಲಿ ಅಪಾಯ ಹೆಚ್ಚಾದಾಗ ಗರ್ಭಿಣಿಯಾಗಿದ್ದ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕೆನಡಾ ದೇಶಕ್ಕೆ ಕಳುಹಿಸಿ ತಾವು ಉಳಿದರು. ಆ ವರ್ಷದ ದಶಂಬರದಲ್ಲಿ ಜಪಾನಿನವರು ಬ್ರಿಟನ್, ಅಮೇರಿಕಗಳ ಮೇಲೂ ಯುದ್ಧಕ್ಕೆ ಇಳಿದದರಿಂದ ಆ ದೇಶಗಳವರೆಲ್ಲರೂ ಅವರಿಗೆ ಸೆರೆಯಾದರು. ೧೯೪೩ನೇ ಮಾರ್ಚ್ ತಿಂಗಳಲ್ಲಿ ಅಯ್ಯನವರನ್ನು ಶಾನ್‌ಟುಂಗ್ ಪ್ರಾಂತದ ವೇಯ್‌ಶಿಯೆನ್ ಪಾಳೆಯಕ್ಕೆ ಸಾಗಿಸಿದರು.

ಆ ಪಾಳೆಯವು ಹಿಂದೆ ಅಮೇರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ಆವರಣವಾಗಿತ್ತು. ಸುಮಾರು ೨೦೦ ಗಜ ಉದ್ದ, ೧೫೦ ಗಜ ಅಗಲ; ಸುತ್ತಲೂ ಗೋಡೆ. ನಮ್ಮ ಕಡೆಯ ಒಂದು ದೊಡ್ಡ ಹೊಲದಷ್ಟೇ ಎನ್ನಬಹುದು. ಇದರೊಳಗೆ ೧೫೦೦ಕ್ಕೆ ಕಡಿಮೆಯಿಲ್ಲದ ಜನರು: ಮಿಶನೆರಿಗಳು, ರೋಮನ್ ಪಾದ್ರಿಗಳು, ವ್ಯಾಪಾರಿಗಳು, ಕುಡುಕರು, ವಾದ್ಯಗಾರರು, ಮುದುಕರು, ಕೂಸುಗಳು. ಒಂಭತ್ತು ಅಡಿಗೆ ಹನ್ನೆರಡು ಅಡಿ ಕೋಣೆಯಲ್ಲಿ ಒಂದೊಂದು ಕುಟುಂಬ. ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ, ಎಲುಬು ಬಲವಾಗಲೆಂದು ಮಕ್ಕಳಿಗೆ ತಿನ್ನಿಸುತ್ತಿದ್ದರು. ಅಲ್ಲಿ ಸೆರೆಯಲ್ಲಿದ್ದ ಲ್ಯಾಂಗ್ಡನ್ ಗಿಲ್ಕಿ ಎಂಬವರು ೧೯೬೬ರಲ್ಲಿ ಪ್ರಕಟಿಸಿದ ‘ಶಾನ್‌ಟುಂಗ್ ಕಾಂಪೌಂಡ್’ ಎಂಬ ಪುಸ್ತಕದಲ್ಲಿ ಅಲ್ಲಿಯ ಜಗಳಗಳನ್ನು ಮರೆಮಾಡದೆ ಬರೆದಿದ್ದಾರೆ. ಮಂಚಗಳ ನಡುವಣ ಕೆಲವು ಅಂಗುಲ ಜಾಗಕ್ಕಾಗಿ ಓದಿದವರೂ ಭಕ್ತರೂ ಹೊಡೆದಾಡುವಷ್ಟಕ್ಕೆ ಬಂದರು. ಮಿಶನೆರಿಗಳೂ ಇದಕ್ಕೆ ಹೊರತಾಗಿರಲಿಲ್ಲವೆಂಬದು ಓದುವದಕ್ಕೆ ನೋವಾದರೂ ನಿಜ. ದಾಯಾದಿಗಳು ಒಂದು ಬದುವಿಗಾಗಿ ತಲೆತಲಾಂತರ ಮಾತು ಬಿಡುವದನ್ನು ಕಂಡಿರುವ ನಮಗೆ ಇದು ಆಶ್ಚರ್ಯವಲ್ಲ.

೧೯೪೩ರಲ್ಲಿಯೇ ಚೀಫೂ ಎಂಬ ಕಡಲತೀರದ ಊರಿನಿಂದ ಮಿಶನೆರಿಗಳ ಮಕ್ಕಳ ಶಾಲೆಯನ್ನು ಇಡಿಯಾಗಿ ಪಾಳೆಯಕ್ಕೆ ತಂದು ಸೇರಿಸಿದರು. ಆ ಮಕ್ಕಳಲ್ಲಿ ಬಹು ಮಂದಿಯ ತಂದೆತಾಯಿಗಳು ದೂರದ ಚೀನೀ ಪ್ರಾಂತಗಳಲ್ಲಿದ್ದರು. ಪತ್ರವೂ ಸರಿಯಾಗಿ ಬಾರದು. ಲಿಡೆಲ್ ಅಯ್ಯನವರು ಆರನೇ ವಯಸ್ಸಿನಲ್ಲಿ ತಾವಿದ್ದ ಸ್ಥಿತಿಯನ್ನು ಇಲ್ಲಿ ನೂರಾರು ಮುಖಗಳಲ್ಲಿ ಕಂಡರು. ಅವರು ಎರಡು ಕಟ್ಟಡಗಳ ಜನರ ಮೇಲ್ವಿಚಾರಣೆ ನೋಡಿಕೊಂಡರು, ಪ್ರಯೋಗದ ಸಾಮಾನು ಒಂದೂ ಇಲ್ಲದೆ ಚಿತ್ರ ಬರೆದು ರಸಾಯನಶಾಸ್ತ್ರವನ್ನು ಕಲಿಸಿದರು, ಕೈಲಾಗದವರಿಗೆ ನೀರನ್ನೂ ಕಲ್ಲಿದ್ದಲನ್ನೂ ಹೊತ್ತರು. ಯಾರೂ ಹತ್ತಿರ ಸೇರಿಸದಿದ್ದ, ದುರ್ವೃತ್ತಿಯವಳೆಂದು ಹೆಸರಾದ ಒಬ್ಬ ಹೆಂಗಸಿನ ಕೋಣೆಯ ಗೋಡೆಗೆ ಹಲಗೆಯನ್ನು ಬಡಿದುಕೊಟ್ಟು ಪ್ರತಿಫಲವೇನನ್ನೂ ಕೇಳದೆ ಹೋದರು. ತನಗಾಗಿ ಏನನ್ನೂ ಬಯಸದೆ ಸಹಾಯಮಾಡಿದ ಮೊದಲನೆಯ ಗಂಡಸು ಇವರೇ ಎಂದು ಆಕೆಯು ತಿಳಿಸಿದಳು.

ಹರೆಯದ ಮಕ್ಕಳು ಪಾಳೆಯಕ್ಕೆ ದೊಡ್ಡ ಚಿಂತೆಯಾಗಿದ್ದರು. ಸಂಜೆಯಾದರೆ ಮಾಡಲು ಏನೂ ಇಲ್ಲ, ನಿಲ್ಲಲು ಜಾಗವಿಲ್ಲ, ಹಿರಿಯರು ತಮ್ಮ ತಮ್ಮ ಜಗಳಗಳಲ್ಲಿ ಮುಳುಗಿದವರು. ಕೆಟ್ಟ ನಡತೆಯ ಸುದ್ದಿಗಳು ಹಬ್ಬಿದವು. ಅಯ್ಯನವರು ಅವರಿಗಾಗಿ ಸಂಜೆಯ ಕೂಟಗಳನ್ನೂ ಚದುರಂಗವನ್ನೂ ಚಿಕ್ಕ ದೋಣಿಗಳನ್ನು ಕೆತ್ತುವ ಕೆಲಸವನ್ನೂ ಏರ್ಪಡಿಸಿದರು. ಹಗಲಲ್ಲಿ ಓಟ, ಬೇಸ್‌ಬಾಲ್, ಹಾಕಿ. ಅಂಥಾ ಓಟಗಳಲ್ಲಿ ಒಮ್ಮೆ ಕಿರಿಯನೊಬ್ಬನು ಅವರನ್ನು ದಾಟಿ ಗೆದ್ದನು. ಅರೆಹೊಟ್ಟೆಯ ನಾಲ್ವತ್ತು ವರ್ಷದ ದೇಹ ಅದು.

ಹಾಕಿಯನ್ನು ನೋಡದ ವಾಚಕರಿಗಾಗಿ ಒಂದು ಮಾತು. ತುದಿ ಬಾಗಿದ ಕೋಲಿನಿಂದ ಗಟ್ಟಿಯಾದ ಚಿಕ್ಕ ಚೆಂಡನ್ನು ಹೊಡೆಯುತ್ತಾ ಎದುರು ಪಕ್ಷದವರ ಗೋಲಿನೊಳಕ್ಕೆ ನುಗ್ಗಿಸುವದೇ ಈ ಆಟ. ನಮ್ಮ ಹುಡುಗರ ಚಿನ್ನಿದಾಂಡಿನಲ್ಲಿ ದಾಂಡು ಒಬ್ಬನ ಕೈಯಲ್ಲಿರುವದು. ಹಾಕಿಯಲ್ಲಿ ಎರಡು ಪಕ್ಷದವರು ಸೇರಿ ಇಪ್ಪತ್ತೆರಡು ಮಂದಿಯ ಕೈಯಲ್ಲಿಯೂ ಕೋಲು. ತೀರ್ಪುಗಾರನಿಲ್ಲದಿದ್ದರೆ ಅದು ಎಲ್ಲಿಗೆ ಮುಟ್ಟುವದೆಂದು ಹೇಳಬೇಕಾದದ್ದಿಲ್ಲ. ಪಾಳೆಯದಲ್ಲಿ ಕೋಲು ಮುರಿದರೆ ಬೇರೆ ಸಿಕ್ಕದು. ಅಯ್ಯನವರು ತಮ್ಮ ಹಾಸಿಗೆಯ ದುಪ್ಪಟಿಯನ್ನು ಸೀಳಿ, ಮೀನಿನ ಅಂಟನ್ನು ಹಚ್ಚಿ, ಮುರಿದ ಕೋಲುಗಳಿಗೆ ಸುತ್ತಿ ಬಿಗಿದುಕೊಡುತ್ತಿದ್ದರು. ಚೀನಾದ ಉತ್ತರದಲ್ಲಿ ಚಳಿಗಾಲವೆಂದರೆ ನೀರು ಕಲ್ಲಾಗುವ ಕಾಲ. ಅಲ್ಲಿ ಒಂದು ದುಪ್ಪಟಿಯ ಬೆಲೆ ಎಷ್ಟೆಂದು ಯೋಚಿಸಬೇಕು.

ವಾರದ ಆರು ದಿನಗಳೂ ಆಟ ನಡೆಯುತ್ತಿತ್ತು. ಆದಿತ್ಯವಾರದಲ್ಲಿ ಮಾತ್ರ ಅಯ್ಯನವರು ಆಟವನ್ನು ನಡಿಸುತ್ತಿರಲಿಲ್ಲ. ಇದು ಎಲ್ಲರಿಗೂ ಹಿಡಿಸಲಿಲ್ಲ. ಪಾಳೆಯದಲ್ಲಿ ಆ ದಿನವನ್ನು ಕರ್ತನ ದಿನವಾಗಿ ಕಾಣುವವರೂ ಇದ್ದರು, ಹಾಗೆ ಕಾಣದವರೂ ಬಹಳ ಮಂದಿ ಇದ್ದರು. ಹೀಗಿರಲಾಗಿ ಒಂದು ಆದಿತ್ಯವಾರ ಹರೆಯದ ಮಕ್ಕಳು ತಾವೇ ಎರಡು ಪಕ್ಷವಾಗಿ ಸೇರಿ ತೀರ್ಪುಗಾರನಿಲ್ಲದೆ ಹಾಕಿ ಆಡಿದರು. ಆಟವು ಜಗಳವಾಗಿ, ಜಗಳವು ಹೊಡೆದಾಟವಾಗಿ ಮುಗಿಯಿತು.

ಅಯ್ಯನವರು ಏನು ಮಾಡಬಹುದಾಗಿತ್ತು? ನನ್ನ ಮಾತು ಕೇಳದೆ ಹೋದದರ ಫಲವಿದು ಎಂದು ಬುದ್ಧಿಹೇಳಬಹುದಾಗಿತ್ತು. ಹಾಗೆ ಹೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಕೋಲುಗಳನ್ನು ಕಟ್ಟಿಕೊಟ್ಟವರೇ ಅವರಾದದರಿಂದ ಅವುಗಳನ್ನು ಬಚ್ಚಿಡಲೂಬಹುದಾಗಿತ್ತು. ನಮ್ಮಲ್ಲಿ ಹಿರಿಯರೆನಿಸಿಕೊಂಡವರು ಬಹುಮಟ್ಟಿಗೆ ಈ ಎರಡರಲ್ಲಿ ಒಂದನ್ನು ಮಾಡುವೆವು. ಮುಂದಣ ಆದಿತ್ಯವಾರ ಮಕ್ಕಳು ಆಡಲು ಬಂದಾಗ ಲಿಡೆಲ್ ಅಯ್ಯನವರು ತೀರ್ಪುಗಾರರಾಗಿ ಬೈಲಿನಲ್ಲಿ ನಿಂತಿದ್ದರು.

ಇದನ್ನು ಕುರಿತು ಭಕ್ತರಲ್ಲಿ ಎರಡು ಅಭಿಪ್ರಾಯಗಳಿರುವವು. ಪ್ಯಾರಿಸಿನಲ್ಲಿ ಹಿಡಿದದ್ದನ್ನು ವೇಯ್‌ಶಿಯೆನ್ನಿನಲ್ಲಿ ಬಿಟ್ಟರೆಂದು ಕೆಲವರು ವ್ಯಸನಪಡುವರು. ನಮಗೆ ಹಾಗೆ ತೋರುವದಿಲ್ಲ. ೧೯೨೪ರಲ್ಲಿ ಆದಿತ್ಯವಾರವನ್ನು ಬಿಟ್ಟಿದ್ದರೆ ಬರತಕ್ಕ ಪದಕವು ಅವರ ಸ್ವಂತ ಎದೆಗೆ. ಪಾಳೆಯದಲ್ಲಿ ಅದನ್ನು ಬಿಟ್ಟದರಿಂದ ಅವರಿಗೆ ಬಂದ ಲಾಭವೇನು? ಧೂಳು, ಚೀರಾಟ, ಭಕ್ತರ ಕೆಲವರ ಓರೆನೋಟ. ಅವರು ತಮಗಾಗಿ ಆಡಲೂ ಇಲ್ಲ. ಹೊಡೆದಾಡುವವರ ನಡುವೆ ನಿಂತರು, ಅಷ್ಟೇ. ಗುಂಡಿಯಲ್ಲಿ ಬಿದ್ದ ಕುರಿಯನ್ನು ಸಬ್ಬತ್ ದಿನದಲ್ಲಿ ಎತ್ತುವ ವಿಷಯವನ್ನು ಬಲ್ಲ ನಾವು ಇದನ್ನು ತಿಳುಕೊಳ್ಳಲಾರೆವೇ? ಹಾಗೆಂದು ಆದಿತ್ಯವಾರದ ಸಂತೆಗೆ ಹೋಗುವವರು ಈ ಕಥೆಯನ್ನು ನೆವ ಮಾಡಿಕೊಳ್ಳುವದು ಬೇಡ. ಸಂತೆಯಲ್ಲಿ ಮಾರಿದ ಕುರಿಯ ಹಣವು ಮಾರಿದವನ ಮಡಿಲಿಗೇ ಬೀಳುವದು. ಸುಗ್ಗಿಯಲ್ಲಿ ಗೌಡನು ಆದಿತ್ಯವಾರವೇ ಕೂಲಿಗೆ ಬಾ ಎಂದು ಕರೆದಾಗ, ಒಲ್ಲೆನೆಂದರೆ ವಾರವೆಲ್ಲಾ ಕೆಲಸವಿಲ್ಲದೆ ಕೂಡ್ರಬೇಕಾಗುವ ನಮ್ಮ ಸಹೋದರರ ಕಷ್ಟವು ಬೇರೆ ತರಹದ್ದು. ಅದನ್ನು ಪದಕದ ಅಳತೆಯಿಂದಾಗಲಿ ಹಾಕಿಯ ಅಳತೆಯಿಂದಾಗಲಿ ಅಳೆಯಲಾಗದೆಂಬದು ನಮಗೆ ಗೊತ್ತುಂಟು.

೧೯೪೪ರ ಕೊನೆಯಿಂದ ಅಯ್ಯನವರಿಗೆ ತಡೆಯಲಾರದ ತಲೆನೋವು ಬರತೊಡಗಿತು. ನಡಿಗೆ ನಿಧಾನವಾಯಿತು, ಮುಖದ ನಗೆ ಅಡಗಿತು. ಆ ಚಳಿಗಾಲದಲ್ಲಿಯೇ, ೧೯೪೫ನೇ ಜನವರಿಯಲ್ಲಿ, ಅಮೇರಿಕದ ರೆಡ್ ಕ್ರಾಸಿನವರು ಕಳುಹಿಸಿದ ಆಹಾರದ ೧೫೦೦ಕ್ಕೂ ಹೆಚ್ಚು ಪೆಟ್ಟಿಗೆಗಳು ಪಾಳೆಯಕ್ಕೆ ಬಂದವು. ಎಲ್ಲರಿಗೂ ಒಂದೊಂದು ಸಾಲುವಷ್ಟು ಇತ್ತು. ಆದರೆ ಅಲ್ಲಿದ್ದ ಸುಮಾರು ೨೦೦ ಮಂದಿ ಅಮೇರಿಕದವರಲ್ಲಿ ಕೆಲವರು, ಇವು ನಮ್ಮ ದೇಶದ ಪೆಟ್ಟಿಗೆಗಳಾದದರಿಂದ ನಮ್ಮವೇ ಎಂದು ಹಟ ಹಿಡಿದರು. ಹಸಿದವರ ಕಣ್ಣೆದುರಿಗೆ ಪೆಟ್ಟಿಗೆಗಳು ಬೀಗದೊಳಗೆ ಬಿದ್ದಿದ್ದವು. ಕಡೆಗೆ ವ್ಯಾಜ್ಯವು ಜಪಾನಿನ ಮೇಲಧಿಕಾರಿಗಳ ವರೆಗೂ ಹೋಗಿ, ತಲೆಗೆ ಒಂದರಂತೆ ಹಂಚಬೇಕೆಂದು ಅಪ್ಪಣೆ ಬಂತು. ಸೆರೆಹಿಡಿದವರಿಂದ ನ್ಯಾಯವನ್ನು ಹೇಳಿಸಿಕೊಳ್ಳುವ ಗತಿಯು ಸೆರೆಯಾದವರಿಗೆ ಬಂತು. ಹಾಕಿ ಬೈಲಿನಲ್ಲಿ ಮಕ್ಕಳಿಗೆ ತೀರ್ಪುಗಾರನೊಬ್ಬನಿದ್ದನು. ದೊಡ್ಡವರಿಗೆ ಅವನು ದೊರೆಯಲಿಲ್ಲ.

ವೈದ್ಯರು ಅಯ್ಯನವರ ಕಾಯಿಲೆಯನ್ನು ಅತಿಶ್ರಮದಿಂದ ಬಂದ ನರಗಳ ದೌರ್ಬಲ್ಯವೆಂದು ಎಣಿಸಿದರು. ಅಯ್ಯನವರೂ ಅದನ್ನೇ ನಂಬಿ, ತಮ್ಮ ಭಾರವನ್ನು ಕರ್ತನ ಮೇಲೆ ಹಾಕಲಾರದೆ ಹೋದೆನೆಂದು ಒಳಗೇ ಕೊರಗಿದರು. ಮಿದುಳಿನಲ್ಲಿ ಗಡ್ಡೆ ಬೆಳೆದಿತ್ತೆಂಬದು ಸತ್ತ ಮೇಲೆ ತಿಳಿಯಿತು. ೧೯೪೫ನೇ ಫೆಬ್ರವರಿ ೨೧ನೇ ತಾರೀಖಿನಲ್ಲಿ, ಹೆಂಡತಿಗೆ ಒಂದು ಕಾಗದವನ್ನು ಬರೆದ ದಿನವೇ, ಪಾಳೆಯದ ಆಸ್ಪತ್ರೆಯಲ್ಲಿ ನಿದ್ರೆಹೋದರು. ವಯಸ್ಸು ೪೩. ಆ ಸುದ್ದಿ ಕೆನಡಾ ದೇಶದಲ್ಲಿದ್ದ ಹೆಂಡತಿಗೆ ಮುಟ್ಟಿದ್ದು ಮೇ ತಿಂಗಳಲ್ಲಿ. ಆಗಸ್ಟ್ ೧೭ನೇ ತಾರೀಖು ಅಮೇರಿಕದ ಸೈನಿಕರು ವಿಮಾನದಿಂದ ಇಳಿದು ಪಾಳೆಯವನ್ನು ಬಿಡಿಸಿದರು. ಸಮಾಧಿಯ ಜಾಗವು ಬಹುಕಾಲ ಮರೆತುಹೋಗಿತ್ತು. ೧೯೯೧ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದವರು ಸ್ಕಾಟ್ಲೆಂಡಿನ ಮಲ್ ದ್ವೀಪದ ಕಲ್ಲನ್ನು ತರಿಸಿ ಅಲ್ಲಿ ನೆಡಿಸಿದರು.

ತೀರಿಕೊಳ್ಳುವದಕ್ಕೆ ಸುಮಾರು ಮೂರು ವಾರ ಮುಂಚೆ ಅಯ್ಯನವರು ಚೀಫೂ ಶಾಲೆಯ ಹುಡುಗನಾದ ಸ್ಟೀಫನ್ ಮೆಟ್ಕಾಫ್ ಎಂಬವನ ಬಳಿಗೆ ಬಂದು, ತೇಪೆಹಾಕಿ ಹೊಲಿದ ತಮ್ಮ ಓಟದ ಹಳೆಯ ಜೋಡುಗಳನ್ನು ಕೊಟ್ಟರು. ಚಳಿಯಲ್ಲಿ ಹುಡುಗನ ಕಾಲಿಗೆ ಜೋಡು ಇರಲಿಲ್ಲ. ಶತ್ರುಗಳಿಗಾಗಿ ಪ್ರಾರ್ಥಿಸಬೇಕೆಂದು, ಕಾವಲಿನ ಜಪಾನಿನವರ ಹೆಸರೆತ್ತಿ ಪ್ರಾರ್ಥಿಸಬೇಕೆಂದು ಈ ಹುಡುಗನು ಅವರ ಬೈಬಲ್ ಕೂಟದಲ್ಲಿ ಕಲಿತಿದ್ದನು. ಕೆಲವು ವಾರಗಳ ಮೇಲೆ ಅವನು ಅವರ ಶವಪೆಟ್ಟಿಗೆಯನ್ನು ಹೊತ್ತವರಲ್ಲಿ ಒಬ್ಬನಾದನು. ೧೯೫೨ರಲ್ಲಿ ಮೆಟ್ಕಾಫರು ಮಿಶನೆರಿಯಾಗಿ ಜಪಾನ್ ದೇಶಕ್ಕೆ ಹೊರಟುಹೋಗಿ, ಅಲ್ಲಿಯ ಜನರ ನಡುವೆ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕೆಲಸಮಾಡಿದರು.